ಇಲಿ ಸಖುಬಾಯಿಯ ಉಪ್ಪು

"ಮೂಗು ಮುಚ್ಕೋರೆವ್ವಾ, ಇಲಿ ಸಖು ಬಂದ್ಳು!"

ಬೀದರಿನ ಹಳೆ ಊರಿನಲ್ಲಿ, ಚೌಬಾರಾ ಕಾವಲುಗೋಪುರದ ಹಿಂದೆ, ಎರಡು ಕೈ ಚಾಚಿದರೆ ಎರಡೂ ಬದಿಯ ಗೋಡೆ ಮುಟ್ಟುವಂಥ ಓಣಿಯೊಂದಿದೆ. ಸಂಜೆ ಸಖುಬಾಯಿ ಕೆಲಸ ಮುಗಿಸಿ ಆ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಕಟ್ಟೆಯ ಮೇಲಿನ ಹೆಂಗಸರು ಹೀಗೆ ಕೂಗುತ್ತಿದ್ದರು. ಅವಳ ಕಿವಿಗೆ ಬೀಳಲಿ ಎಂದೇ ಕೂಗುತ್ತಿದ್ದರು. ಗಣಪ್ಪನ ವಾಹನ ಕೊಲ್ಲುವವಳು ಎಂದರು ಕೆಲವರು. ಇಲಿಗಳು ಅವಳ ಮಾತು ಕೇಳುತ್ತವೆ, ಬೇಡದವರ ಮನೆಗೆ ಕಳಿಸಿ ಜೋಳದ ಚೀಲ ಕತ್ತರಿಸುತ್ತಾಳೆ ಎಂದರು ಇನ್ನು ಕೆಲವರು. ಎಲ್ಲರಿಗಿಂತ ಮೊನಚು ನಾಲಿಗೆ ಪಕ್ಕದ ಮನೆಯ ಲಲಿತಾಬಾಯಿಯದು.

"ದಿನಾ ಜೀವ ತೆಗ್ಯಾಕಿ. ನಾಳಿ ನೀ ಸತ್ರ ನಿನ್ನ ಹೆಣಕ್ಕ ಹೆಗಲು ಯಾರು ಕೊಡ್ತಾರ, ನಾನೂ ನೋಡ್ತೇನಿ."

ಸಖುಬಾಯಿ ಬೀಗ ತೆಗೆಯುತ್ತ, ತಿರುಗಿಯೂ ನೋಡದೆ ಹೇಳುತ್ತಿದ್ದಳು: "ನೋಡಾಕ ನೀ ಇರ್ತೀಯಲ್ಲ ಲಲಿತಕ್ಕ, ಅಷ್ಟ ಸಾಕು."

ಬಾಗಿಲು ಧಡ್ ಎಂದು ಮುಚ್ಚುತ್ತಿತ್ತು. ಮೆಲ್ಲಗೆ ಬಾಗಿಲು ಮುಚ್ಚುವುದು ಆಕೆಗೆ ಬರುತ್ತಿರಲಿಲ್ಲ. ಮೆಲ್ಲಗೆ ನಡೆಯುವುದೂ ಬರುತ್ತಿರಲಿಲ್ಲ.

ಆಕೆ ಔರಾದ ತಾಲೂಕಿನ ಸಂತಪುರದ ಕುರಿಯವರ ಮಗಳು. ಕುರಿಯ ಹಿಂದೆ ಹೆಜ್ಜೆ ಕಲಿತವಳು. ಆ ಮನೆಯಲ್ಲೊಂದು ಪದ್ಧತಿ ಇತ್ತು. ಅಮಾವಾಸ್ಯೆ ಬಂತೆಂದರೆ ಹಟ್ಟಿಯ ಮುಂದಿನ ಚಪ್ಪಟೆ ಕಲ್ಲುಗಳ ಮೇಲೆ ಹರಳುಪ್ಪು ಹರಡಿ ಇಡೀ ಹಿಂಡಿಗೆ ನೆಕ್ಕಿಸಬೇಕು. ಕುಂಟ ಕುರಿಗೂ ಇಡಬೇಕು, ಹಲ್ಲು ಬಿದ್ದ ಟಗರಿಗೂ ಇಡಬೇಕು, ನಿನ್ನೆ ಸಂತೆಯಿಂದ ತಂದ ಪರಕೀಯ ಮರಿಗೂ ಇಡಬೇಕು. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಟ್ಟರೆ, ಬಿಟ್ಟದ್ದರ ಕಣ್ಣೀರು ಹಿಂಡಿಗೇ ತಟ್ಟುತ್ತದೆ ಎಂದು ಅವಳ ಅವ್ವ ಹೇಳುತ್ತಿದ್ದಳು. "ಉಪ್ಪಿನಾಗ ಭೇದ ಮಾಡಬಾರದು, ಸಖೂ." ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ಮದುವೆಯಾಗಿ ಭಾಲ್ಕಿಗೆ ಹೋದಳು. ಗಂಡ ಮಾಳಪ್ಪ ಸಂತೆಯಲ್ಲಿ ಕಂಬಳಿ ಮಾರುತ್ತಿದ್ದ. ನಗುಮುಖದವನು, ಗಿರಾಕಿ ಕೊಳ್ಳದೆ ಹೋದರೂ ಬಿಡಿಸಿದ ಕಂಬಳಿ ಮಡಚುತ್ತ ಹಾಡು ಗುನುಗುವವನು. ಬೆಳಿಗ್ಗೆ ಎದ್ದರೆ ಹಿಂತಲೆ ನೋವು ಎನ್ನುತ್ತಿದ್ದ. "ಪಿತ್ತ ಇರ್ಬೇಕು" ಎಂದು ಮನೆಯವರು ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದರು, ಜೊತೆಗೊಂದಿಷ್ಟು ಉಪ್ಪು ಕಲಸಿ. ರೊಟ್ಟಿಯ ಅಂಚಿಗೂ ಅವನಿಗೆ ಹಸಿ ಖಾರ ಬೇಕು, ಖಾರದ ಮೇಲೆ ಮತ್ತೆ ಉಪ್ಪು ಬೇಕು. ಒಂದು ಮಧ್ಯಾಹ್ನ ಸಂತೆಯಲ್ಲಿ ಗಿರಾಕಿಗೆ ತೋರಿಸಲೆಂದು ಕಂಬಳಿ ಬಿಡಿಸಿದವನು ಅದರ ಮೇಲೆಯೇ ಬಿದ್ದ. ದವಾಖಾನೆ ಮುಟ್ಟುವ ಹೊತ್ತಿಗೆ ಉಸಿರು ಇರಲಿಲ್ಲ. ಅವನ ತೋಳಿಗೆ ಜನ್ಮದಲ್ಲಿ ಒಮ್ಮೆಯೂ ಯಾರೂ ಬಿಪಿ ಪಟ್ಟಿ ಕಟ್ಟಿರಲಿಲ್ಲ.

ಮಣ್ಣು ಮಾಡಿ ಬಂದ ಕೂಡಲೇ ಅತ್ತೆ ಅಂಗಳದಲ್ಲಿ ನಿಂತು ಎಲ್ಲರೆದುರು ಹೇಳಿದಳು: "ಈಕಿ ಕಾಲ್ಗುಣ. ಈಕಿ ಹೊಸ್ತಲ ತುಳದ ದಿನಾನ ನನ್ನ ಮಗನ ಆಯುಷ್ಯ ಮುಗೀತು."

ಗಂಡ ಯಾಕೆ ಸತ್ತ ಎಂದು ಸಖುಬಾಯಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾತಿಗೆ ಇಲ್ಲ ಎನ್ನುವುದಾದರೂ ಹೇಗೆ? ಅವನು ಬಿದ್ದ ಆ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಬಿದ್ದಳು. ತವರಿಗೆ ಬಾ ಎಂದು ತಮ್ಮ ಮಡೆಪ್ಪ ಕರೆದ. "ಬ್ಯಾಡೋ ಮಡ್ಯಾ, ನಿನ್ನ ಮನಿಗೂ ಇದೇ ಕಾಲ ತಗೊಂಡು ಬರಬೇಕಲ್ಲ" ಎಂದು ನಕ್ಕು ಬೀದರಿನ ಬಸ್ಸು ಹತ್ತಿದಳು.

ಬೀದರಿನಲ್ಲಿ ಫಾರ್ಮಸಿ ಕಾಲೇಜೊಂದರಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಕಾಲೇಜಿನ ಹಿಂಬದಿಗೆ ಇಲಿ ಸಾಕುವ ಮನೆ. ಅಲ್ಲಿ ನಿಲ್ಲುವವರೇ ಇರಲಿಲ್ಲ. ಬಂದವರು ವಾಸನೆಗೆ ಓಡುತ್ತಿದ್ದರು, ಇಲ್ಲವೆ ಕಚ್ಚಿಸಿಕೊಂಡು ಓಡುತ್ತಿದ್ದರು. ಸಖುಬಾಯಿಯನ್ನು ಕಳಿಸಿದರು. ಸಾಲು ಸಾಲು ಪಂಜರದಲ್ಲಿ ಹೊಟ್ಟಿನೊಳಗೆ ಹೂತು ಮಲಗಿದ ಗೇಣುದ್ದದ ಬಿಳಿ ಇಲಿಗಳನ್ನು ಕಂಡು ಆಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳಂತೆ. "ಅಯ್ಯ, ಇವು ಇಲಿ ಏನ್ರಿ? ನಮ್ಮ ಕುರಿಮರಿನ ಸಣ್ಣ ಮಾಡಿದಂಗ ಅವ."

ಹೀಗೆ ಇಲಿ ಸಖು ಆದಳು.

ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ ಜೇಬಾ. ಬಿದರಿ ಕೆಲಸದವರ ಮನೆಯವಳು. ಅಪ್ಪ ಕಪ್ಪು ಹೂಜಿಯ ಮೇಲೆ ಬೆಳ್ಳಿಯ ತಂತಿ ಕೂರಿಸುವವನು; ಮಗಳಿಗೂ ಅದೇ ಕೈ ಬಂದಿತ್ತು, ಕೂದಲೆಳೆಯ ಕೆಲಸದ ಕೈ. ಸಖುಬಾಯಿಯನ್ನು ಆಕೆ ಮೊದಲ ದಿನದಿಂದ "ಖಾಲಾ" ಎಂದಳು, ಅಂದರೆ ಚಿಕ್ಕಮ್ಮ. ಸಖುಬಾಯಿ ಆಕೆಯನ್ನು ಎಲ್ಲರ ಎದುರು "ಮೇಡಂ" ಎನ್ನುತ್ತಿದ್ದಳು, ಇಬ್ಬರೇ ಇದ್ದಾಗ "ಬೇಟಿ", ಅಂದರೆ ಮಗಳೇ.

ಇಲಿಯ ಬಾಲಕ್ಕೊಂದು ಸಣ್ಣ ಪಟ್ಟಿ ಸುತ್ತಿ ಅದರ ರಕ್ತದೊತ್ತಡ ನೋಡಬೇಕು. ಇಲಿ ಹೆದರಿದರೆ ಅಂಕಿ ಸುಳ್ಳು ಹೇಳುತ್ತದೆ. ಸಖುಬಾಯಿ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕುರಿ ಕರೆಯುವ ಹಾಗೆ ನಾಲಿಗೆ ಲೊಚಗುಟ್ಟಿಸುತ್ತ ಇಲಿಯನ್ನು ಕೊಳವೆಯೊಳಗೆ ಸೇರಿಸುತ್ತಿದ್ದಳು. ಜೇಬಾ ಪಟ್ಟಿ ಕಟ್ಟುತ್ತಿದ್ದಳು. ಹೀಗೇ ಒಂದು ದಿನ ಸಖುಬಾಯಿ ಕೇಳಿದಳು.

"ಬೇಟಿ, ಈ ಪಾಪದವಕ್ಕ ಬಿಪಿ ಯಾಕ ಏರಸ್ತೀರಿ? ಇವೇನು ಸಾಲಾ ಮಾಡ್ಯಾವೇನು, ಸೊಸಿ ಕೂಡ ಜಗಳಾಡ್ಯಾವೇನು?"

ಜೇಬಾ ನಕ್ಕಳು. "ಮನುಷ್ಯಾರನ್ನ ಕೆಡಿಸಿ ನೋಡಾಕ ಬರಲ್ಲಲ್ಲ ಖಾಲಾ. ಬಿಪಿ ಏರಿದ್ರ ದಿಲ್ ಹೆಚ್ಚು ಜೋರ್ ಹಾಕಿ ರಕ್ತ ನೂಕಬೇಕು. ನೂಕಿ ನೂಕಿ ಅದರ ಗ್ವಾಡಿ ದಪ್ಪ ಆಗ್ತದ. ಮನುಷ್ಯಾಗ ಇದಕ್ಕ ಎಷ್ಟೋ ವರ್ಷ ಬೇಕು. ಇಲಿಗೆ ಕೆಲವು ವಾರ ಸಾಕು."

"ಗ್ವಾಡಿ ದಪ್ಪ ಆದ್ರ ಗಟ್ಟಿ ಆಯ್ತಲ್ಲ?"

"ನಮ್ಮ ಕಿಲ್ಲಾದ ಗ್ವಾಡಿ ನೋಡಿಯಲ್ಲ, ದಪ್ಪ ಅದ. ಆ ಬುರುಜಿನ ಒಳಗ ಹೋಗಿ ನಿಂದ್ರು. ಎಷ್ಟು ಮಂದಿಗೆ ಜಾಗ ಅದ? ದಿಲ್ ಒಳಗೂ ಹಂಗ. ರಕ್ತಕ್ಕ ಜಾಗಾನ ಉಳಿಯಲ್ಲ. ಮುಂದ ಒಂದಿನ ಸೋಲ್ತದ."

"ಸೋಲೂಕಿಂತ ಮೊದಲ ಹೇಳ್ತದೇನು?"

"ಬಹಳ ಸಲ ಏನೂ ಹೇಳಲ್ಲ. ಒಮ್ಮೊಮ್ಮೆ ಹಿಂತಲಿ ನೋವು, ಅಷ್ಟ."

ಸಖುಬಾಯಿಯ ಕೈ ನಿಂತಿತು. ಕೊಳವೆಯೊಳಗಿನ ಇಲಿ ಮೂಗು ಆಡಿಸುತ್ತಿತ್ತು. ಅವತ್ತಿನಿಂದ ಆ ಕೆಲಸ ಅವಳಿಗೆ ಹೊಟ್ಟೆಪಾಡು ಮಾತ್ರ ಆಗಿ ಉಳಿಯಲಿಲ್ಲ. ಕಾಲ್ಗುಣವೋ, ರಕ್ತದ ಗುಣವೋ? ಅದನ್ನು ತಿಳಿಯಲೇಬೇಕಿತ್ತು.

ಈಗ ತಪ್ಪಿನ ಕಥೆ.

ಜೇಬಾ ಇಲಿಗಳನ್ನು ಎರಡು ಗುಂಪು ಮಾಡಿದ್ದಳು. ಎರಡಕ್ಕೂ ಒಂದು ಮೂತ್ರಪಿಂಡ ತೆಗೆದು, ಚರ್ಮದಡಿ ಹಾರ್ಮೋನಿನ ಒಂದು ಸಣ್ಣ ಗುಳಿಗೆ ಇಟ್ಟಿದ್ದಳು. ಒಂದು ಗುಂಪಿಗೆ ಕುಡಿಯಲು ಉಪ್ಪುನೀರು, ಇನ್ನೊಂದಕ್ಕೆ ಬರಿ ನೀರು. ಉಪ್ಪು ಸೇರಿದಾಗ ಹೃದಯ ಹೇಗೆ ಕೆಡುತ್ತದೆ, ಸೇರದಿದ್ದಾಗ ಎಷ್ಟು ಉಳಿಯುತ್ತದೆ, ಅದನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ. ಬಾಟಲಿ ತೊಳೆದು ತುಂಬಿಸುವವಳು ಸಖುಬಾಯಿ. ಯಾವ ಪಂಜರಕ್ಕೆ ಯಾವ ನೀರು ಎಂದು ಹೇಳಿದ್ದರು. ಯಾಕೆ ಎಂದು ಹೇಳಿರಲಿಲ್ಲ.

ಉಪ್ಪುನೀರಿನ ಪಂಜರದಲ್ಲಿ ಇಲಿಗಳು ಬಾಟಲಿಗೆ ಜೋತುಬಿದ್ದು ಕುಡಿಯುತ್ತಿದ್ದವು. ಪಕ್ಕದ ಪಂಜರದವು ಬರಿ ನೀರಿನ ಮುಂದೆ ಸುಮ್ಮನೆ ಕುಳಿತಿರುತ್ತಿದ್ದವು. ಸಖುಬಾಯಿ ಎರಡೂ ಪಂಜರ ನೋಡಿದಳು. ಒಂದೇ ಹಟ್ಟಿ, ಒಂದೇ ಹಿಂಡು. ಇವಕ್ಕೆ ಉಪ್ಪು, ಅವಕ್ಕೆ ಸಪ್ಪೆ? ಇದೆಂಥ ಪಂಕ್ತಿಭೇದ? ಅವ್ವನ ಮಾತು ಕಿವಿಯಲ್ಲಿ ಆಡಿತು. ತನ್ನ ಬುತ್ತಿಯ ಗಂಟಿನಲ್ಲಿದ್ದ ಉಪ್ಪಿನಲ್ಲಿ ಒಂದು ಚಿಟಿಕೆ ತೆಗೆದು ಬರಿ ನೀರಿನ ಬಾಟಲಿಗಳಿಗೂ ಹಾಕಿದಳು. ಮರುದಿನವೂ ಹಾಕಿದಳು. ದಿನವೂ ಹಾಕಿದಳು. ಕದ್ದು ಹಾಕಿದೆ ಎಂದು ಅವಳಿಗೆ ಅನಿಸಲೇ ಇಲ್ಲ. ಸಾಕಿದ ಜೀವಕ್ಕೆ ಉಪ್ಪು ಇಡುವುದನ್ನು ಯಾರಾದರೂ ಕೇಳಿ ಮಾಡುತ್ತಾರೆಯೇ?

ವಾರಗಳಾದ ಮೇಲೆ ಜೇಬಾ ಇಲಿಗಳ ಹೃದಯ ತೆಗೆದು, ತೆಳ್ಳಗೆ ಹೆಚ್ಚಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಎರಡೂ ಗುಂಪಿನ ಹೃದಯಗಳು ಕೆಟ್ಟಿದ್ದವು. ಮತ್ತೆ ನೋಡಿದಳು. ಅದೇ. ವಿಭಾಗದ ಮುಖ್ಯಸ್ಥರು ಬಂದರು, ಕನ್ನಡಕ ಏರಿಸಿ ಇಳಿಸಿ ನೋಡಿದರು, ನಂತರ ಜೇಬಾಳ ಮೇಲೆ ಎಗರಿದರು.

"ಪಂಜರ ಅದಲು ಬದಲು ಮಾಡಿದ್ದೀ. ಇಲ್ಲಾಂದ್ರ ಸುಳ್ಳು ಅಳತಿ ಬರದಿದ್ದೀ. ಬರಿ ನೀರು ಕುಡಿದ ಇಲಿಗೆ ಹಿಂಗ ಆಗೂದು ಸಾಧ್ಯ ಇಲ್ಲ."

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಸಖುಬಾಯಿ ಕೇಳಿಸಿಕೊಂಡಳು. ಒಳಗೆ ಬಂದಳು.

"ಬರಿ ನೀರಲ್ರಿ ಸಾಹೇಬ್ರ. ನಾ ಉಪ್ಪು ಹಾಕೇನಿ."

ಆಕೆ ಅಮಾವಾಸ್ಯೆ, ಚಪ್ಪಟೆ ಕಲ್ಲು, ಕುಂಟ ಕುರಿ ಎಲ್ಲ ಹೇಳಿದಳು. ಮುಖ್ಯಸ್ಥರ ಮುಖ ಮೆಣಸಿನಕಾಯಿಯಾಯಿತು. ಜೇಬಾ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಮಾಡುತ್ತಿದ್ದಳು.

"ಈಗಿಂದೀಗ ಹೊರಗ ನಡಿ" ಎಂದರು ಮುಖ್ಯಸ್ಥರು.

"ನಡೀತೇನಿ. ತಪ್ಪು ನಂದು, ಈ ಹುಡುಗಿದಲ್ಲ. ಆದ್ರ ನಾ ಏನ ಮಾಡೇನಿ ಅನ್ನೂದು ನನ್ನ ಕಣ್ಣಿಗೆ ತೋರಸ್ರಿ. ನೋಡದ ಹೋಗಲ್ಲ."

"ಏನು ತೋರಸ್ಬೇಕು ನಿನಗ?"

"ಆ ಹೃದಯ."

ಪೊರಕೆ ಕೆಳಗಿಟ್ಟು ನೆಲದ ಮೇಲೆ ಕುಳಿತೇ ಬಿಟ್ಟಳು. ಮುಖ್ಯಸ್ಥರು ಹೊರಟುಹೋದರು. ಜೇಬಾ ಎದ್ದು ಸ್ಟೂಲು ಎಳೆದು, ಅವಳನ್ನು ಕೂರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿಸಿದಳು. ಮೊದಲು ಪ್ರಯೋಗಕ್ಕೆ ಸೇರದ, ಕಾಯಿಲೆ ಇಲ್ಲದ ಇಲಿಯ ಹೃದಯ: ತೆಳು ಅಂಚು, ನಡುವೆ ಅಗಲವಾದ ಬಯಲು. ಆಮೇಲೆ ಚಿಟಿಕೆ ಉಪ್ಪಿನ ಇಲಿಯದು: ಅಂಚು ಊದಿ ಒಳಗೊಳಗೇ ಬೆಳೆದು, ಬಯಲು ಒಂದು ಕಿಂಡಿಯಾಗಿತ್ತು.

ಸಖುಬಾಯಿ ಬಹಳ ಹೊತ್ತು ನೋಡಿದಳು.

"ಮಾಳಪ್ಪಂದೂ ಹಿಂಗ ಆಗಿತ್ತೇನು ಬೇಟಿ? ಹಿಂತಲಿ ನೋವು ಅಂತಿದ್ದ."

ಜೇಬಾ ಹೌದು ಎನ್ನಬಹುದಿತ್ತು. ಒಂದು ಹೌದಿನಿಂದ ಆ ಹೆಂಗಸಿನ ಎದೆಯ ಕಲ್ಲು ಇಳಿಯುತ್ತಿತ್ತು. ಆದರೆ ಸುಳ್ಳು ಅಳತೆ ಬರೆದೆ ಎಂದು ಈಗಷ್ಟೇ ಬೈಸಿಕೊಂಡಿದ್ದವಳು ಸುಳ್ಳು ಹೇಳಲಿಲ್ಲ.

"ಇರಬಹುದು ಖಾಲಾ. ಉಪ್ಪು ಒಂದರಿಂದ ಅಲ್ಲ, ವಂಶದಾಗೂ ಬರ್ತದ. ಆದ್ರ ಖರೆ ಹೇಳಾಕ ಆಗಲ್ಲ. ಯಾರೂ ಅವರ ಬಿಪಿ ನೋಡಿಲ್ಲ, ಯಾರೂ ಅವರ ದಿಲ್ ನೋಡಿಲ್ಲ."

"ಯಾರೂ ನೋಡಿಲ್ಲ" ಎಂದಳು ಸಖುಬಾಯಿ. "ನೋಡದನ ನನ್ನ ಕಾಲಿಗೆ ಹಚ್ಚಿದ್ರು."

ಎದ್ದು ನಿಂತಳು. ಖಾಲಿಯಾದ ಪಂಜರಗಳತ್ತ ಕೈ ಮಾಡಿ ಕೇಳಿದಳು: "ನಾ ಉಪ್ಪು ಹಾಕಿದವು ನಿಮ್ಮ ಕೆಲಸಕ್ಕ ಬರ್ತಾವೇನು?"

"ಎಷ್ಟು ಉಪ್ಪು ಅಂತ ಅಳತಿ ಇಲ್ಲಲ್ಲ ಖಾಲಾ. ಬರಲ್ಲ."

"ಅಂದ್ರ ನನ್ನ ಕೈಯಿಂದ ಅವುಗಳ ಜೀವ ಪುಕ್ಕಟೆ ಹೋಯ್ತು. ಹಂಗಿದ್ರ ಕೇಳು. ನಾ ಸತ್ತ ದಿನ ನನ್ನ ಎದಿ ತೆಗದು ನೋಡ್ರಿ. ಮಾಳಪ್ಪಂದು ನೋಡಲಿಲ್ಲ, ನಂದು ನೋಡ್ರಿ. ಅವುಗಳ ಬದ್ಲಿ ನಂದು. ಇದು ಮಾತು."

ಕೆಲಸ ಹೋಗಲಿಲ್ಲ. ಜೇಬಾ ಹಟ ಹಿಡಿದು ಉಳಿಸಿದಳು. ಪ್ರಯೋಗ ಮಾತ್ರ ಮೊದಲಿನಿಂದ ಶುರುವಾಯಿತು. ಈ ಸಲ ಯಾವ ನೀರು ಯಾಕೆ ಎಂದು ಜೇಬಾ ಮೊದಲೇ ಬಿಡಿಸಿ ಹೇಳಿದಳು, ಸಖುಬಾಯಿ ಬುತ್ತಿಗೆ ಉಪ್ಪು ಕಟ್ಟಿಕೊಂಡು ಬರುವುದನ್ನೇ ಬಿಟ್ಟಳು.

ಬಿಪಿ ನೋಡುವ ಯಂತ್ರ ಬಳಸಲು ಜೇಬಾ ಕಲಿಸಿದಳು. ಕಲಿಯಲು ಮೊದಲು ಕಟ್ಟಿದ್ದು ಸಖುಬಾಯಿಯ ತೋಳಿಗೇ. ಅಂಕಿ ಕಂಡು ಜೇಬಾ ಹುಬ್ಬೇರಿಸಿದಳು. "ಖಾಲಾ, ನಮ್ಮ ಉಪ್ಪುನೀರಿನ ಇಲಿಗೂ ನಿನಗೂ ಏನೂ ಫರಕ್ ಇಲ್ಲ." ಅವತ್ತೇ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಅಂದಿನಿಂದ ದಿನವೂ ಗುಳಿಗೆ, ಸಪ್ಪೆ ಸಾರು, ಸಪ್ಪೆ ಪಲ್ಯ.

ಆದರೆ ಸಖುಬಾಯಿಗೆ ಒಂದು ಕೆಲಸ ಬಾಕಿ ಇತ್ತು. ರಜೆಯ ದಿನ ಯಂತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಭಾಲ್ಕಿಗೆ ಹೋದಳು. ಅತ್ತೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಸೊಸೆಯನ್ನು ಕಂಡು ಮೊರ ನಿಂತಿತು.

"ಯಾಕ ಬಂದಿ? ಇನ್ನ ಯಾರು ಉಳಿದಾರ ನುಂಗಾಕ?"

"ನುಂಗಾಕ ಬಂದಿಲ್ರಿ ಅತ್ತಿ. ತೋಳ ಕೊಡ್ರಿ."

"ತೋಳ ಯಾಕ?"

"ಬಳಿ ತೊಡಸ್ತೇನಿ ಅಂತ ತಿಳೀರಿ."

ಮುದುಕಿ ಬೇಡ ಎನ್ನುವಷ್ಟರಲ್ಲಿ ಪಟ್ಟಿ ಕಟ್ಟಿಯಾಗಿತ್ತು. "ಅಯ್ಯಯ್ಯ, ಹಿಸುಕ್ತದಲ್ಲೇ! ಕೊಲ್ಲಾಕತ್ತಾಳ ನೋಡ್ರೋ!" ಎಂದು ಕೂಗಿದ್ದಕ್ಕೆ ಓಣಿಯೇ ಸೇರಿತು. ಅಂಕಿ ಬಂತು. ಏರಿತ್ತು. ಸ್ವಲ್ಪ ಕೂರಿಸಿ, ನೀರು ಕುಡಿಸಿ ಮತ್ತೊಮ್ಮೆ ಕಟ್ಟಿದಳು. ಏರಿಯೇ ಇತ್ತು. ಮೈದುನನನ್ನು ಕರೆದು ಕಟ್ಟಿದಳು. ಅವನದೂ ಏರಿತ್ತು.

"ಯಂತ್ರನೂ ನಿಂದ, ನೀ ಹೇಳಿದಂಗ ಕುಣೀತದ" ಎಂದಳು ಅತ್ತೆ.

ಸಖುಬಾಯಿ ನೋಡಲು ಬಂದಿದ್ದ ನೆರೆಮನೆಯವಳ ಕೈ ಹಿಡಿದು ಕೂರಿಸಿ ಕಟ್ಟಿದಳು. ಅವಳದು ಸರಿಯಾಗಿತ್ತು. ಸಖುಬಾಯಿ ಪಟ್ಟಿ ಸುತ್ತಿ ಎದ್ದಳು.

"ಇಷ್ಟು ವರ್ಷ ನನ್ನ ಕಾಲು ನೋಡಿದ್ರಿ ಅತ್ತಿ. ಒಮ್ಮೆ ಮಗನ ತೋಳು ನೋಡಿದ್ರ ಆಗ್ತಿತ್ತು."

ಹೊಸ್ತಿಲನ್ನು ಬೇಕೆಂದೇ ಬಲಗಾಲಿನಿಂದ ಗಟ್ಟಿಯಾಗಿ ತುಳಿದು ಹೊರಬಂದಳು. ಅತ್ತೆ ತಪ್ಪಾಯಿತು ಎನ್ನಲಿಲ್ಲ, ಸಾಯುವ ತನಕವೂ ಎನ್ನಲಿಲ್ಲ. ಆದರೆ ಮುದುಕಿ ಕಿರಿಮಗನ ಜೊತೆ ದವಾಖಾನೆಯ ಸಾಲಿನಲ್ಲಿ ಗುಳಿಗೆಗೆ ನಿಂತಿದ್ದನ್ನು ನೋಡಿದೆವೆಂದು ಭಾಲ್ಕಿಯಿಂದ ಬಂದವರು ಹೇಳಿದರು. ಸಖುಬಾಯಿಗೆ ಅಷ್ಟು ಸಾಕಾಯಿತು. ಸಂತಪುರಕ್ಕೂ ಹೋಗಿ ತಮ್ಮ ಮಡೆಪ್ಪನ ತೋಳಿಗೆ ಕಟ್ಟಿದಳು. ಅವನಿಗೂ ಗುಳಿಗೆ ಗಂಟುಬಿತ್ತು. ದಿನವೂ ಮಧ್ಯಾಹ್ನ ಫೋನು: "ಮಡ್ಯಾ, ಗುಳಿಗಿ ತಗೊಂಡಿ?" "ತಗೊಂಡೆ ಅಕ್ಕಾ." "ಸುಳ್ಳ ಬೊಗಳಬ್ಯಾಡ, ನೀರ ಕುಡದ ಸಪ್ಪಳ ಬರಲಿಲ್ಲ."

ಬೀದರಿನ ಓಣಿಯಲ್ಲಿ ಅವಳ ಹೆಸರಿಗೆ ಇನ್ನೊಂದು ಸೇರಿತು: ಸಪ್ಪನ ಸಖು.

"ಇಲಿ ಗುಳಿಗಿ ತಿಂದು ತಿಂದು ನಿನಗೂ ಬಾಲ ಬರ್ತದ ನೋಡು" ಎಂದಳು ಲಲಿತಾಬಾಯಿ.

"ಬರ್ಲಿ. ನಿನ್ನ ಕಟ್ಟಿ ಗುಡಸಾಕ ಆಗ್ತದ."

ಆದರೆ ಲಲಿತಾಬಾಯಿ ಒಮ್ಮೆ ನಲ್ಲಿಯ ಬಳಿ ತಲೆ ತಿರುಗಿ ಕೊಡದ ಮೇಲೆ ಕುಸಿದಾಗ ಓಡಿ ಬಂದದ್ದು ಇದೇ ಸಪ್ಪನ ಸಖು. ತೋಳಿಗೆ ಪಟ್ಟಿ ಕಟ್ಟಿದ್ದೂ ಅವಳೇ. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಲಲಿತಾಬಾಯಿ ಮುಂಬಾಗಿಲಿನಲ್ಲಿ ನಿಂತು ಬೈಯುತ್ತಿದ್ದಳು, ಹಿತ್ತಲ ಬಾಗಿಲಿನಿಂದ ಬಂದು ತೋಳು ಚಾಚುತ್ತಿದ್ದಳು. "ಯಾರಿಗೂ ಹೇಳಬ್ಯಾಡ ಮತ್ತ." "ನಾ ಯಾಕ ಹೇಳಲಿ? ನೀ ಬೈಯೂದು ಬಿಡಬ್ಯಾಡ, ಮಂದಿಗೆ ಸಂಶಯ ಬರ್ತದ."

ವರ್ಷಗಳು ಉರುಳಿದವು. ಜೇಬಾ ಅದೇ ಕಾಲೇಜಿನಲ್ಲಿ ಪಾಠ ಮಾಡುವವಳಾದಳು. ಸಖುಬಾಯಿಯ ಕೆಲಸದ ಕಾಲ ಮುಗಿಯಿತು. ಗುಳಿಗೆ ಅವಳಿಗೆ ಬಹಳ ವರ್ಷ ಕೊಟ್ಟಿತು. ಆದರೆ ಗುಳಿಗೆ ಶುರುವಾಗುವ ಮೊದಲೇ ಕೆಟ್ಟದ್ದು ಕೆಟ್ಟಿತ್ತು. ಕಾಲು ಬಾತುಕೊಳ್ಳತೊಡಗಿತು. ನಾಲ್ಕು ಮೆಟ್ಟಿಲಿಗೆ ಉಸಿರು. ದವಾಖಾನೆಯಲ್ಲಿ ಎದೆಯ ಚಿತ್ರ ತೆಗೆದಾಗ ಪರದೆಯ ಮೇಲೆ ಮಿಡಿಯುವ ಗೋಡೆಯನ್ನು ಆಕೆಯೇ ಜೇಬಾಳಿಗೆ ಬೆರಳು ಮಾಡಿ ತೋರಿಸಿದಳು: "ನೋಡಿದ್ಯಾ? ನಮ್ಮ ಇಲಿಗಳಂಗ. ಬುರುಜು ಆಗ್ಯಾದ."

ಆ ವಾರವೇ ಮೆಡಿಕಲ್ ಕಾಲೇಜಿಗೆ ಹೋಗಿ ದೇಹದಾನಕ್ಕೆ ಸಹಿ ಮಾಡಿ ಬಂದಳು. ಆದರೆ ಸತ್ತ ಮೇಲೆ ರಕ್ತಸಂಬಂಧಿ ಒಪ್ಪದಿದ್ದರೆ ತಾವು ಒಯ್ಯುವುದಿಲ್ಲ ಎಂದು ಅಲ್ಲಿಯವರು ಹೇಳಿದರು. ಇದ್ದ ರಕ್ತಸಂಬಂಧಿ ಮಡೆಪ್ಪ ಒಬ್ಬನೇ. ಅವನನ್ನು ಕರೆಸಿದಳು. ಅವನು ಅವಳನ್ನು ಸಂತಪುರಕ್ಕೆ ಒಯ್ಯಲೆಂದೇ ಬಂದಿದ್ದ. ಮಾತು ಕೇಳಿ ಕಟ್ಟೆಯಿಂದ ಧಿಗ್ಗನೆ ಎದ್ದ.

"ಹುಚ್ಚು ಹಿಡದದ ಅಕ್ಕಾ ನಿನಗ? ಅಪ್ಪ ಅವ್ವನ ಬಾಜೂ ಹೊಲದಾಗ ಜಾಗ ಬಿಟ್ಟೇನಿ ನಿನಗಂತ. ಕುಣಿಗೆ ಉಪ್ಪು ಹಾಕಿ ಮರ್ಯಾದಿಲೆ ಮಣ್ಣು ಮಾಡ್ತೇನಿ."

"ಬದುಕಿದ್ದಾಗ ಬಿಟ್ಟ ಉಪ್ಪು, ಸತ್ತಮ್ಯಾಲ ಯಾಕೋ ನನಗ? ಅದನ್ನ ಕುರಿಗೆ ಇಡು."

"ನಗಬ್ಯಾಡ. ಕೊಯ್ತಾರ ನಿನ್ನ. ಹುಡುಗರು ನಿಂತು ನೋಡ್ತಾರ."

"ನೋಡ್ಲಿ ಅಂತನ ಹೇಳಾಕತ್ತೇನಿ. ನಿಮ್ಮ ಮಾವ ಮಾಳಪ್ಪನ್ನ ಯಾರೂ ನೋಡಲಿಲ್ಲ, ನನ್ನ ತಲಿಗೆ ಬಂತು. ಎಷ್ಟು ಇಲಿ ನನ್ನ ಅಂಗೈಯಾಗಿಂದ ಎದಿ ಕೊಟ್ಟು ಹೋಗ್ಯಾವ ಗೊತ್ತೇನು? ಅವಕ್ಕ ಯಾರು ಹೊಲದಾಗ ಜಾಗ ಬಿಟ್ಟಿದ್ರು? ನಂದಷ್ಟ ಮುಚ್ಚಿ ಇಡಬೇಕೇನು?"

"ನಾ ಸಹಿ ಮಾಡಲ್ಲ."

"ಮಾಡ್ತಿ."

"ಮಾಡಲ್ಲ ಅಂದೆ."

"ಮಾಡ್ತಿ ಅಂದೆ. ಗುಳಿಗಿ ತಗೊಂಡಿಯೇನು ಇವತ್ತು?"

ಮಡೆಪ್ಪ ಸಿಟ್ಟಿನಿಂದಲೇ ಅಂಗಿಯ ಕಿಸೆಗೆ ಕೈ ಹಾಕಿ ಗುಳಿಗೆ ನುಂಗಿ, ಸಂತಪುರದ ಬಸ್ಸು ಹತ್ತಿಹೋದ. ಆಮೇಲೆಯೂ ಮಧ್ಯಾಹ್ನದ ಫೋನು ನಿಲ್ಲಲಿಲ್ಲ. ಗುಳಿಗೆಯ ಮಾತು ಆಡುತ್ತಿದ್ದರು, ಸಹಿಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಮುಂಜಾನೆ ಲಲಿತಾಬಾಯಿ ಕಟ್ಟೆಗೆ ಬಂದು ರೂಢಿಯಂತೆ ಒಂದು ಬೈಗುಳ ಎಸೆದಳು. ಒಳಗಿನಿಂದ ಉತ್ತರ ಬರಲಿಲ್ಲ. ಇನ್ನೊಂದು ಎಸೆದಳು. ಹಿತ್ತಲ ಬಾಗಿಲಿನಿಂದ ಒಳಗೆ ಓಡಿದಳು. ಸಖುಬಾಯಿ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು, ಭಾಲ್ಕಿಯ ಕಂಬಳಿ ಮೊಣಕಾಲ ಮೇಲಿತ್ತು. ನೀರಿನ ತಂಬಿಗೆ ಪಕ್ಕದಲ್ಲಿ ತುಂಬಿಯೇ ಇತ್ತು.

ಜೇಬಾ ಬಂದಳು. ಮೆಡಿಕಲ್ ಕಾಲೇಜಿನ ಗಾಡಿ ಬಂತು. ಓಣಿಯೊಳಗೆ ತೂರಲಾಗದೆ ಚೌಬಾರಾದ ಬಳಿಯೇ ನಿಂತಿತು. ಬಿಸಿಲೇರುವ ಹೊತ್ತಿಗೆ ಮಡೆಪ್ಪ ನಾಲ್ಕಾರು ಮಂದಿಯೊಡನೆ ಬಂದ. ಹೆಗಲ ಮೇಲೆ ಉಪ್ಪಿನ ಚೀಲ.

"ಸಂತಪುರಕ್ಕ ಒಯ್ತೇನಿ. ಯಾರೂ ಅಡ್ಡ ಬರಬ್ಯಾಡ್ರಿ."

ಜೇಬಾ ವಾದಿಸಲಿಲ್ಲ. "ನೀವು ಬ್ಯಾಡ ಅಂದ್ರ ಅವರು ಒಯ್ಯಲ್ಲ ಮಾಮಾ. ಖಾಲಾ ಏನ ಹೇಳಿದ್ರು ನಿಮಗ ಗೊತ್ತದ. ನಾ ಮತ್ತ ಹೇಳಲ್ಲ."

ಮಡೆಪ್ಪ ಚೀಲ ಇಳಿಸಿ ಅಕ್ಕನ ಕಾಲಬುಡದಲ್ಲಿ ಕುಳಿತ. ಸೂರ್ಯ ನೆತ್ತಿಗೆ ಬಂದ. ಅಳುವವರು ಅತ್ತು ಸುಮ್ಮನಾದರು. ಗಾಡಿಯವನು ಎರಡು ಸಲ ಬಂದು ಇಣುಕಿ ಹೋದ. ಆಗ ಲಲಿತಾಬಾಯಿ ಒಂದು ತಂಬಿಗೆ ನೀರು ತಂದು ಮಡೆಪ್ಪನ ಮುಂದೆ ಹಿಡಿದಳು.

"ಮಡೆಪ್ಪಣ್ಣಾ, ಗುಳಿಗಿ ತಗೊಂಡಿರೇನು? ಈ ಹೊತ್ತಿಗೆ ಆಕಿ ಕೇಳತಿದ್ಳು."

ಮಡೆಪ್ಪನ ಕೈ ತಾನಾಗಿ ಕಿಸೆಗೆ ಹೋಯಿತು. ಗುಳಿಗೆ ಬಾಯಿಗೆ ಹಾಕಿಕೊಂಡ. ನೀರು ಕುಡಿದ. ಗಟಗಟ ಸಪ್ಪಳ ಬರುವ ಹಾಗೆ ಕುಡಿದ, ಕುಡಿಯುತ್ತಲೇ ಅತ್ತ. ತಂಬಿಗೆ ಇಟ್ಟು ಬಹಳ ಹೊತ್ತು ಆ ಉಪ್ಪಿನ ಚೀಲ ನೋಡಿದ.

"ಅಮಾಸಿ ಎಂದದ?" ಎಂದು ತನ್ನ ಜೊತೆಗೆ ಬಂದವನನ್ನು ಕೇಳಿದ.

"ಈ ವಾರನ ಅದ."

"ಚೀಲ ವಾಪಸ್ ಒಯ್ಯಿ. ಕುರಿಗೆ ಇಡೂಣು." ಕಣ್ಣು ಒರೆಸಿಕೊಂಡು ಜೇಬಾಳ ಕಡೆ ತಿರುಗಿದ. "ಎಲ್ಲಿ ಸಹಿ ಮಾಡ್ಬೇಕವಾ? ಗೆದ್ಳು ನೋಡು. ಸತ್ತೂ ಗೆದ್ಳು, ಹಟಮಾರಿ."

ಗಾಡಿಯ ತನಕ ಹೊರಬೇಕಿತ್ತು. ಅವಳನ್ನು ಅದೇ ಹೊರಸಿನ ಮೇಲೆ ಮಲಗಿಸಿ, ಮಾಳಪ್ಪನ ಕಂಬಳಿ ಹೊದಿಸಿದರು. ಮಡೆಪ್ಪ ಹೊರಸಿನ ಮುಂದಿನ ಕಾಲಿಗೆ ಹೆಗಲು ಕೊಟ್ಟ. ಹಿಂದಿನ ಎರಡು ಕಾಲಿಗೆ ಅವನ ಜೊತೆಯವರಿಬ್ಬರು ಬಂದರು. ನಾಲ್ಕನೆಯದಕ್ಕೆ ಸಂತಪುರದವನೊಬ್ಬ ಬಗ್ಗುವಷ್ಟರಲ್ಲಿ ಲಲಿತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನನ್ನು ಮೊಣಕೈಯಿಂದ ಸರಿಸಿದಳು.

"ಹೆಂಗಸರು ಹೆಗಲು ಕೊಡಬಾರದವಾ" ಎಂದರು ಯಾರೋ.

"ಯಾರು ಕೊಡ್ತಾರ ನೋಡ್ತೇನಿ ಅಂದಾಕಿ ನಾನು. ಈಗ ನೀವು ನೋಡ್ರಿ."

ಹೊರಸು ಎದ್ದಿತು. ಹೊಸ್ತಿಲು ದಾಟಿತು. ಕಟ್ಟೆಗಳ ಮೇಲೆ ಕುಳಿತಿದ್ದ ಹೆಂಗಸರು ಎದ್ದು ನಿಂತರು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಓಣಿಯ ತಿರುವಿನಲ್ಲಿ ಗೋಡೆಗೆ ತಾಗೀತು, ಮೆಲ್ಲಗೆ ಹೋಗಲಿ ಎಂದು ಹಿಂದಿನವನು ಕೂಗಿದ:

"ಹಗೂರ ನಡೀರಿ, ಹಗೂರ!"

"ಹಗೂರ ಯಾಕ?" ಎಂದಳು ಲಲಿತಾಬಾಯಿ, ಏದುಸಿರಿನ ನಡುವೆ. "ಆಕಿ ಎಂದ ಹಗೂರ ನಡದಾಳ?"